ನಾನು ನಿಲ್ಲಿಸಿದ್ದ ತಪಾಸಣೆ

ಸುಟ್ಟುಹೋದ ಕಂಪ್ಯೂಟರಿಗೆ ನಾನು ಎಂದೂ ಹೆದರಿದವನಲ್ಲ. ಸುಟ್ಟದ್ದು ಸುಟ್ಟಿತು, ಬೇರೆ ಹಾಕಿದರಾಯಿತು. ಪೂರ್ತಿ ಸತ್ತ ಯಂತ್ರದ ಮುಂದೆ ಕೂತಾಗಲೂ ನನ್ನ ಕೈ ನಡುಗಿದ್ದಿಲ್ಲ. ನಾನು ಹೆದರುತ್ತಿದ್ದದ್ದು ಅರ್ಧ ಶುರುವಾಗಿ ನಿಂತುಬಿಡುವ ಯಂತ್ರಕ್ಕೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಪರದೆಯ ಮೇಲೆ ಚಿತ್ರ ಬರುತ್ತದೆ, ಅದರ ಕೆಳಗೆ ಸಣ್ಣ ಚುಕ್ಕೆಗಳು ಗಿರಗಿರ ಸುತ್ತುತ್ತವೆ. ಸುತ್ತುತ್ತಲೇ ಇರುತ್ತವೆ. ಒಳಗೆ ಎಲ್ಲವೂ ಇದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಆಗ ನೀವು ಒತ್ತುವ ಒಂದು ಕೀ ಬಾಗಿಲನ್ನು ತೆರೆಯಲೂಬಹುದು, ಒಳಗಿದ್ದದ್ದನ್ನೆಲ್ಲ ಒರೆಸಿ ಹಾಕಲೂಬಹುದು. ಯಾವುದು ಆಗುತ್ತದೆಂದು ಒತ್ತಿದ ಮೇಲೆಯೇ ತಿಳಿಯುವುದು. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಅನುಭವ ಕೇಳಲು ಬಂದಾಗ ನಾನು ಹೇಳುವುದು ಈ ಹೆದರಿಕೆಯನ್ನೇ. ಉಳಿದದ್ದೆಲ್ಲ ಅವರಿಗೆ ಮೊಬೈಲಿನಲ್ಲೇ ಸಿಗುತ್ತದೆ.

ನಾನು ಕೆಲಸ ಕಲಿತದ್ದು ದೇಸಾಯಿ ಸಾಹೇಬರ ಕೈಕೆಳಗೆ. ದಾಂಡೇಲಿಯಲ್ಲಿ ಅವರದೊಂದು ಸಣ್ಣ ಸರ್ವಿಸ್ ಸೆಂಟರ್ ಇತ್ತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳ ಆಫೀಸು, ಅಂಗಡಿ, ದವಾಖಾನೆಗಳ ಯಂತ್ರಗಳೆಲ್ಲ ನಮ್ಮ ಪಾಲಿಗೆ. ಸಾಹೇಬರು ಬಿಳಿ ಶರ್ಟು ಬಿಟ್ಟು ಬೇರೆ ತೊಟ್ಟವರಲ್ಲ, ಬೈಗುಳವಿಲ್ಲದೆ ಒಂದು ಸ್ಕ್ರೂ ಬಿಚ್ಚಿದವರಲ್ಲ. ಮೊದಲ ದಿನ ನಾನು ಒಂದು ಕೆಟ್ಟ ಯಂತ್ರದ ಮುಂದೆ ಕೂತು ಟಕಟಕ ಕೀ ಒತ್ತತೊಡಗಿದೆ. ಹಿಂದಿನಿಂದ ತಲೆಗೆ ಒಂದು ಬಿತ್ತು.

'ಲೇ ಶಂಕ್ರ್ಯಾ, ಮದ್ಲ ಕೈ ಹಿಂದ ಕಟ್ಟು. ಕಣ್ಲೆ ನೋಡು. ಡಾಕ್ಟರು ಬಂದ ಕೂಡಲೇ ಹೊಟ್ಟಿ ಕೊಯ್ತಾರೇನು?'

ಐದು ನಿಮಿಷ ಕೈಕಟ್ಟಿ ನೋಡುವುದು ನಮ್ಮ ಸೆಂಟರಿನ ಕಾನೂನಾಯಿತು. ಗಿರಾಕಿಗಳಿಗೆ ಇದು ವಿಚಿತ್ರ. 'ಏನ್ರಿ, ಪೂಜಾರಿ ಹಂಗ ನಿಂತೀರಿ?' ಎಂದು ನಗುತ್ತಿದ್ದರು. ನಿಂತವನಿಗೂ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆದರೆ ಆ ಐದು ನಿಮಿಷದಲ್ಲಿ ಎಷ್ಟು ಯಂತ್ರಗಳು ತಮ್ಮ ರೋಗವನ್ನು ತಾವೇ ಹೇಳಿದವೋ ಲೆಕ್ಕವಿಲ್ಲ.

ಆ ಕಾನೂನನ್ನು ನಾನು ಮುರಿದದ್ದು ಹಳಿಯಾಳದಲ್ಲಿ, ಕಲ್ಲಯ್ಯ ಮಾಸ್ತರರ ಮನೆಯಲ್ಲಿ. ಮಾಸ್ತರರು ನಿವೃತ್ತರಾದ ಮೇಲೆ ಟೈಪಿಂಗ್ ಕಲಿತು, ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಯಂತ್ರ ಅರ್ಧಕ್ಕೆ ನಿಂತಿತ್ತು. ನಾನು ಅವಸರದಲ್ಲಿದ್ದೆ, ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಹಳೆಯದನ್ನು ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿಬಿಟ್ಟೆ. ಕಡತಗಳೆಲ್ಲ ಡಿಸ್ಕಿನ ಬೇರೆ ಭಾಗದಲ್ಲಿರುತ್ತವೆ, ಅದಕ್ಕೆ ಕೈ ಹಚ್ಚುವುದಿಲ್ಲವಲ್ಲ ಎಂಬ ಧೈರ್ಯ. ಆದರೆ ನಮ್ಮ ಕಡೆಯ ಜನ ಬೇರೆ ಭಾಗ ಎಲ್ಲಿ ಬಳಸುತ್ತಾರೆ? ಎಲ್ಲವೂ ಪರದೆಯ ಮೇಲೆಯೇ, ಕಣ್ಣ ಮುಂದೆಯೇ ಇರಬೇಕು. ಮಾಸ್ತರರು ಸಹ ಹಾಗೇ ಇಟ್ಟಿದ್ದರು. ಯಂತ್ರ ಚೆನ್ನಾಗಿ ಶುರುವಾಯಿತು, ಖಾಲಿ ಪರದೆ ಬಂತು.

'ಪದ ಎಲ್ಲಿ ಹೋದ್ವು ತಮ್ಮಾ?' ಎಂದರು ಅವರು. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು, ಮತ್ತೆ ಕೇಳಿ ಬರೆಯುವ ಹಾಗಿರಲಿಲ್ಲ. ಮಾಸ್ತರರು ಬೈಯಲಿಲ್ಲ, ಚಹಾ ಕುಡಿಸಿ ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಇಂದಿನವರೆಗೆ ಆ ಓಣಿಯಲ್ಲಿ ನಾನು ಕಾಲಿಟ್ಟಿಲ್ಲ.

ಆಮೇಲೆ ವಿಧಾನಗಳು ಬದಲಾದವು. ಫ್ಲಾಪಿಯ ಚೀಲ ಹೊತ್ತು ತಿರುಗಿದ್ದು ಹೋಗಿ ಸಿಡಿ ಬಂತು, ಸಿಡಿ ಹೋಗಿ ಬೆರಳಿನಷ್ಟುದ್ದದ ಪೆನ್‌ಡ್ರೈವಿನಲ್ಲಿ ಎಲ್ಲ ಔಷಧವೂ ಹಿಡಿಸಿತು. ಈಗಿನ ಯಂತ್ರಗಳು ಕೆಟ್ಟಾಗ ತಾವೇ 'ದುರಸ್ತಿ ಮಾಡಿಕೊಳ್ಳಲೇ?' ಎಂದು ಕೇಳುತ್ತವೆ. ಕೇಳಿದ ತಕ್ಷಣ ಹೂಂ ಅನ್ನಬೇಡಿ. ಮೊದಲು ಡಿಸ್ಕನ್ನು ಹೊರಗೆ ತೆಗೆದು, ಇನ್ನೊಂದು ಯಂತ್ರಕ್ಕೆ ಹಚ್ಚಿ, ಒಳಗಿದ್ದದ್ದನ್ನು ನಕಲು ಮಾಡಿಕೊಳ್ಳಿ. ಯಂತ್ರ ಎಲ್ಲಿ ಬೇಕಾದರೂ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನಾನು ಸುಲಭವಾಗಿ ಹೇಳಬಲ್ಲ ತಪ್ಪು. ಮುಂದಿನದು ಹಾಗಲ್ಲ. ಇದನ್ನು ತಪ್ಪೆಂದು ನಾನು ತಿಳಿದೇ ಇರಲಿಲ್ಲ, ಜಾಣತನವೆಂದು ತಿಳಿದಿದ್ದೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವ ರೀತಿ ನಿಮಗೆ ಗೊತ್ತಿದೆ. ಜೋಯಿಡಾದ ಕಾಡಿನಲ್ಲಿ ಎಲ್ಲೋ ಒಂದು ಟೊಂಗೆ ತಂತಿಗೆ ತಾಗಿದರೆ ಸಾಕು. ಕರೆಂಟು ಹಾಗೆ ದಿಢೀರನೆ ಹೋಗಿ ಬಂದಾಗ ಯಂತ್ರ ಮತ್ತೆ ಶುರುವಾಗುವ ಮೊದಲು ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಬರೆಯುತ್ತಿದ್ದದ್ದು ಎಲ್ಲಾದರೂ ಹರಿದಿದೆಯೇ, ಎಲ್ಲಾದರೂ ಗಾಯವಾಗಿದೆಯೇ ಎಂದು ನೋಡುತ್ತದೆ. ಹಳೆಯ ಯಂತ್ರವಾದರೆ ಅದಕ್ಕೆ ಅರ್ಧ ತಾಸು ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟು ಹೋದರೆ ಎರಡು ತಾಸು ಕಪ್ಪು ಪರದೆ.

ಮುಂಡಗೋಡದ ಒಂದು ಆಫೀಸಿನಲ್ಲಿ ಪಾಟೀಲ ಅಕ್ಕ ಎಂಬ ಟೈಪಿಸ್ಟ್ ಇದ್ದರು. ಒಂದು ದಿನ ನನ್ನ ಮೇಲೆ ಹರಿಹಾಯ್ದರು. 'ದಿನಾ ಇದರ ಮುಂದ ಕುಂತು ಭಜನಿ ಮಾಡ್ಲೇನ್ರಿ ನಾನು? ಹೊರಗ ಮಂದಿ ಸಾಲಾಗಿ ನಿಂತಾರ. ಏನರ ಮಾಡ್ರಿ, ಇಲ್ಲಾಂದ್ರ ಇದನ್ನ ಎತ್ತಿಕೊಂಡು ಹೋಗ್ರಿ!'

ನಾನು ಮಾಡಿದೆ. ಒಂದೇ ಸಾಲಿನ ಆಜ್ಞೆ ಅದು, ಟೈಪು ಮಾಡಲು ಹತ್ತು ಸೆಕೆಂಡೂ ಬೇಡ. ಇನ್ನು ಮುಂದೆ ಶುರುವಾಗುವಾಗ ತಪಾಸಣೆ ಬೇಡ ಎಂದು ಯಂತ್ರಕ್ಕೆ ಹೇಳಿಬಿಡುವುದು. ಮರುದಿನದಿಂದ ಪಾಟೀಲ ಅಕ್ಕನ ಯಂತ್ರ ಗುಂಡಿ ಒತ್ತಿದ ಕೂಡಲೇ ಎದ್ದು ಕೂರತೊಡಗಿತು. ಅವರು ಎಲ್ಲರ ಮುಂದೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಸುದ್ದಿ ಹಬ್ಬಿತು. 'ಕಂಪ್ಯೂಟರ್ ಶಂಕ್ರಪ್ಪ ಕೈ ಹಚ್ಚಿದ್ರ ಯಂತ್ರ ಕುದುರಿ ಹಂಗ ಓಡತೈತಿ' ಎಂದರು. ಹೊಗಳಿಕೆ ಯಾರಿಗೆ ಬೇಡ? ಯಾರೂ ಕೇಳದಿದ್ದರೂ ಹೋದಲ್ಲೆಲ್ಲ ಆ ಒಂದು ಸಾಲು ಟೈಪು ಮಾಡಿಯೇ ಬರತೊಡಗಿದೆ. ಹೇಳಿಯೂ ಬರುತ್ತಿರಲಿಲ್ಲ. ಅದು ನನ್ನ ಕೈಗುಣವೆಂದೇ ಜನ ತಿಳಿಯಲಿ ಎಂಬ ಆಸೆ.

ದೇಸಾಯಿ ಸಾಹೇಬರಿಗೆ ಗೊತ್ತಾದಾಗ ಅವರ ಮುಖ ಕೆಂಪಾಯಿತು. 'ಕೆಮ್ಮೋ ಕೂಸಿನ ಬಾಯಿ ಮುಚ್ಚಿ ಬಂದೀಯಲ್ಲೋ ಮೂಳಾ! ಕೆಮ್ಮು ಕೇಳಿಸ್ಲಿಲ್ಲಂದ್ರ ಜಡ್ಡು ಹೋತೇನು?' ಎಂದರು. ನಾನು ತಲೆ ತಗ್ಗಿಸಿ ಹೂಂ ಎಂದೆ. ಅವರಿಗೆ ವಯಸ್ಸಾಗಿದೆ, ಹೊಸ ಕಾಲ ತಿಳಿಯುವುದಿಲ್ಲ ಎಂದುಕೊಂಡೆ. ಕೆಲವೇ ವರ್ಷಗಳಲ್ಲಿ ಅವರು ಸೆಂಟರ್ ಮುಚ್ಚಿ ಮಗಳ ಊರಿಗೆ ಹೋದರು. ನಾನು ದಾಂಡೇಲಿಯ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ಹಾಕಿದೆ, ಅದೇ ಕೈಗುಣವನ್ನು ಮುಂದುವರಿಸಿದೆ.

ಇನ್ನು ಆ ಬುಧವಾರದ ಸಂಗತಿ. ನನ್ನ ಕೆಲಸದ ಕೊನೆಯ ವರ್ಷ ಅದು. ಮಳೆ ಹಿಂದೆ ಸರಿಯುತ್ತಿದ್ದ ಕಾಲ, ಆದರೂ ಸಂಜೆ ಸಂಜೆಗೆ ಗುಡುಗಿ ಸುರಿಯುತ್ತಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಅಂಗಡಿಗೆ ಇಬ್ಬರು ಬಂದರು. ಒಬ್ಬಾತ ಪಾಂಡುರಂಗ, ಜೋಯಿಡಾ ಕಡೆಯ ಅರಣ್ಯ ರಕ್ಷಕ, ನನಗೆ ಮುಖ ಪರಿಚಯವಿದ್ದವನು. ಜೊತೆಗೆ ಅರವತ್ತರ ಆಸುಪಾಸಿನ ಹೆಣ್ಣುಮಗಳು, ಹಣೆಯ ತುಂಬ ವಿಭೂತಿ, ಎದೆಗೆ ಒಂದು ಲ್ಯಾಪ್‌ಟಾಪನ್ನು ಅವಚಿ ಹಿಡಿದಿದ್ದರು. ಮುಂಡಗೋಡ ತಾಲೂಕಿನ ಇಂದೂರದ ನೀಲವ್ವ. ಮೊದಲ ಬಸ್ಸಿಗೆ ಹೊರಟು ಬಂದಿದ್ದರು.

'ನನ್ನ ಮಗಳು ಸವಿತಾ ನಿನ್ನೆ ಮುಂಜಾನೆ ಹೋದಾಕಿ ಬಂದಿಲ್ರಿ' ಎಂದರು. 'ಇದನ್ನ ಚಾಲೂ ಮಾಡ್ರಿ. ಎಲ್ಲಿ ಹೋಗ್ಯಾಳಂತ ಇದರಾಗ ಬರದಿರ್ತಾಳ.'

ಸವಿತಾ ಯಾರೆಂದು ನನಗೆ ಗೊತ್ತಿತ್ತು. ದಾಂಡೇಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಜೋಯಿಡಾದ ಕಾಡಿನ ಹಾಡಿಗಳಲ್ಲಿ, ಆ ಸಣ್ಣ ಕೇರಿಗಳಲ್ಲಿ, ಕುಣಬಿ ಬುಡಕಟ್ಟಿನ ಜನ ಬೆಳೆಯುವ, ಅಗೆದು ತರುವ ಗಡ್ಡೆ ಗೆಣಸುಗಳ ಪಟ್ಟಿ ಮಾಡುತ್ತಿದ್ದ ಮೂವತ್ತರ ಹುಡುಗಿ. ಬಳ್ಳಿಯಲ್ಲಿ ಎಲೆ ಇರುವಾಗಲೇ ಹೋಗಿ ಗುರುತು ಮಾಡಬೇಕು, ಎಲೆ ಒಣಗಿದರೆ ಯಾವ ಗಡ್ಡೆ ಎಲ್ಲಿದೆ ಎಂದು ಭೂಮಿ ಹೇಳುವುದಿಲ್ಲ ಎಂದು ಒಮ್ಮೆ ನನಗೇ ಪಾಠ ಮಾಡಿದ್ದಳು. ಬಸ್ಸಿನಲ್ಲಿ ಹೋಗಿ ಎಲ್ಲೋ ಇಳಿದು ಮೈಲಿಗಟ್ಟಲೆ ನಡೆಯುವವಳು. ಸಂಜೆಗೆ ಬರುತ್ತೇನೆಂದು ಮನೆಯೊಡತಿಗೆ ಹೇಳಿ ಹೋಗಿದ್ದಳು, ಬಾರದಾಗ ಆಕೆಯೇ ತಾಯಿಗೆ ಫೋನು ಮಾಡಿದ್ದು.

ಪಾಂಡುರಂಗ ಹೇಳಿದ: 'ಫೋನು ಹತ್ತುದಿಲ್ಲ ಮಾಮ. ಒಳಗೆ ಎಲ್ಲೂ ರೇಂಜ್ ಇಲ್ಲ. ನಮ್ಮ ಹತ್ರ ಒಂದು ಜೀಪು, ಎಂಟು ಜನ. ಕಾಡು ಎಷ್ಟು ದೊಡ್ಡದು ನಿಮಗೆ ಗೊತ್ತುಂಟಲ್ಲ? ಯಾವ ಕಡೆ ಅಂತ ಒಂದು ಹೇಳಿದ್ರೆ ಸಾಕು. ಸಂಜೆ ಮಳೆ ಹಿಡಿದ್ರೆ ಹಳ್ಳ ದಾಟ್ಲಿಕ್ಕೆ ಆಗುದಿಲ್ಲ.'

ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದೆ. ತಳದಲ್ಲಿ ನನ್ನ ಅಂಗಡಿಯ ಚೀಟಿ ಅಂಟಿಸಿತ್ತು. ಅದನ್ನು ನೋಡಿಯೇ ಅವರು ಬಂದದ್ದು. ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ ಅದು, ಬ್ಯಾಟರಿ ಸತ್ತಿತ್ತು. 'ಬ್ಯಾಟರಿ ಯಾಕ ತಗೋತೀವಾ, ಸೀದಾ ಕರೆಂಟಿಗೆ ಹಚ್ಚಿ ನಡಸು' ಎಂದು ಅವಳಿಗೆ ಬುದ್ಧಿ ಹೇಳಿದವನೂ ನಾನೇ. ಅಂದರೆ ಕರೆಂಟು ಹೋದಾಗಲೆಲ್ಲ ಅದು ಬರೆಯುತ್ತ ಬರೆಯುತ್ತಲೇ ಕಣ್ಣು ಮುಚ್ಚಿದೆ. ಗುಂಡಿ ಒತ್ತಿದೆ. ಚಿತ್ರ ಬಂತು, ಚುಕ್ಕೆಗಳು ಸುತ್ತತೊಡಗಿದವು. ನಾನು ಕೈಕಟ್ಟಿ ನಿಂತೆ. ಒಂದು ನಿಮಿಷ, ಎರಡು ನಿಮಿಷ. ಪರದೆ ಕಪ್ಪಾಯಿತು, ಮತ್ತೆ ಅದೇ ಚಿತ್ರ, ಅದೇ ಚುಕ್ಕೆಗಳು.

ಇಷ್ಟು ಪೆಟ್ಟು ತಿಂದ ಯಂತ್ರ ಶುರುವಾಗುವ ಮೊದಲು ತಪಾಸಣೆ ಮಾಡಿಕೊಳ್ಳಲೇಬೇಕಿತ್ತು. ಇದು ಮಾಡಿಕೊಳ್ಳಲಿಲ್ಲ. ಇದಕ್ಕೂ ನಾನು ಆ ಒಂದು ಸಾಲು ಟೈಪು ಮಾಡಿದ್ದೆ. ಡಿಸ್ಕಿನ ಮೇಲೆ ತಿಂಗಳುಗಟ್ಟಲೆ ಗಾಯಗಳು ಬೆಳೆದಿದ್ದವು, ಅದು ಹೇಳಲು ಬಂದ ಬಾಯನ್ನು ನಾನು ಮುಚ್ಚಿದ್ದೆ.

'ಬದಕ್ತೈತೇನ್ರಿ ಇದು?' ಎಂದರು ನೀಲವ್ವ.

'ನೋಡೂಣು ಬೇ' ಎಂದೆ.

ಪರದೆಯ ಮೇಲೆ 'ದುರಸ್ತಿ ಮಾಡಿಕೊಳ್ಳಲೇ?' ಎಂಬ ಪ್ರಶ್ನೆ ಬಂತು. ಪಾಂಡುರಂಗ ಆಸೆಯಿಂದ, 'ಅದೇ ಕೇಳ್ತಾ ಉಂಟಲ್ಲ ಮಾಮ, ಹೌದು ಅಂತ ಒತ್ತಿ' ಎಂದ. ನಾನು ಯಂತ್ರದ ವೈರನ್ನೇ ಕಿತ್ತೆ. ಗಾಯವಾದ ಡಿಸ್ಕಿನ ಮೇಲೆ ದುರಸ್ತಿ ಶುರುವಾದರೆ ಅದು ಮೊದಲು ಮಾಡುವುದು ಹರಿದ ತುಂಡುಗಳನ್ನು ಕಿತ್ತೆಸೆಯುವುದು. ಆ ತುಂಡುಗಳಲ್ಲೇ ಆ ಹುಡುಗಿ ಹೋದ ದಾರಿ ಇದ್ದರೆ?

ಸ್ಕ್ರೂ ಬಿಚ್ಚುವಾಗ ಎರಡು ಸಲ ಡ್ರೈವರ್ ಜಾರಿತು. ಡಿಸ್ಕನ್ನು ಹೊರಗೆ ತೆಗೆದು ನನ್ನ ಯಂತ್ರಕ್ಕೆ ಹಚ್ಚಿದೆ. ಕಟ್... ಕಟ್... ಎಂದು ಸದ್ದು ಬಂತು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಸಾಯುವ ಡಿಸ್ಕಿನ ಸದ್ದು. ಇನ್ನೆಷ್ಟು ಹೊತ್ತು ಬದುಕುತ್ತದೋ ಹೇಳಲು ಯಾರಿಂದಲೂ ಆಗುವುದಿಲ್ಲ. ಒಂದು ತಾಸು ಇರಬಹುದು, ಒಂದು ನಿಮಿಷವೂ ಇರಬಹುದು. ಎಲ್ಲವನ್ನೂ ನಕಲು ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಅವಳ ಗೆಣಸಿನ ಕೆಲಸದ ಕಡತಗಳನ್ನು ಮಾತ್ರ ಹುಡುಕಿದೆ.

ಎರಡು ಸಾವಿರಕ್ಕೂ ಹೆಚ್ಚು ಎಲೆಗಳ ಫೋಟೋ. ಒಂದೊಂದೇ ಹೆಸರು ಪರದೆಯ ಮೇಲೆ ಬರುತ್ತಿತ್ತು, ಮಧ್ಯೆ ಕಟ್ ಎಂದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಹಿಂದೆ ನೀಲವ್ವನ ಉಸಿರು ಕೇಳುತ್ತಿತ್ತು. ಅವರು ನನ್ನ ಕುರ್ಚಿಗೇ ಒತ್ತಿ ಕೂತಿದ್ದರು, ತೊಡೆಯ ಮೇಲೆ ಒಂದು ಬುತ್ತಿಯ ಗಂಟು.

'ಅದರಾಗ ಏನೈತ್ರಿ?' ಎಂದು ಪಾಂಡುರಂಗನ ಕಡೆಯಿಂದ ಅವರ ಗಮನ ತಪ್ಪಿಸಲೆಂದು ಕೇಳಿದೆ. ಅವನು ಪದೇಪದೇ ಗಡಿಯಾರ ನೋಡುತ್ತಿದ್ದ.

'ರೊಟ್ಟಿ, ಪುಂಡಿಪಲ್ಲೆ. ನಿನ್ನಿಯಿಂದ ಅಕಿ ಏನೂ ತಿಂದಿರೂದಿಲ್ಲಲ್ರಿ' ಎಂದರು. ನಾನು ಪರದೆಯ ಕಡೆಗೆ ತಿರುಗಿದೆ.

ಹನ್ನೊಂದೂವರೆಗೆ ಅವಳ ದಿನಚರಿಯ ಕಡತ ಸಿಕ್ಕಿತು. ಅದು ತೆರೆಯಲಿಲ್ಲ. ಭಾನುವಾರ ಬರೆಯುತ್ತಿದ್ದಾಗಲೇ ಕರೆಂಟು ಹೋಗಿ ಅದು ಹರಿದಿತ್ತು. ಮತ್ತೆ ಪ್ರಯತ್ನಿಸಿದೆ, ಡಿಸ್ಕು ಬಡಿದುಕೊಂಡಿತು. ಮೂರನೆಯ ಸಲಕ್ಕೆ ಧೈರ್ಯವಾಗಲಿಲ್ಲ. ಕಡತ ಬರೆಯುವಾಗ ಯಂತ್ರವು ತಾನಾಗಿ ಒಂದು ಪ್ರತಿ ತೆಗೆದಿಡುತ್ತದೆ, ಅದನ್ನು ಹುಡುಕಿದೆ. ಇತ್ತು! ಅದನ್ನು ಎಳೆದುಕೊಂಡು ನನ್ನ ಯಂತ್ರಕ್ಕೆ ಹಾಕಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ತೆರೆಯಿತು. ತಾರೀಖು, ಹಾಡಿ, ಬಳ್ಳಿ, ಹೇಳಿದವರ ಹೆಸರು, ಸಾಲು ಸಾಲಾಗಿ. ಕೊನೆಯಲ್ಲಿ 'ಈ ವಾರ ಹೋಗಬೇಕಾದದ್ದು' ಎಂಬ ತಲೆಬರಹ. ಕೆಳಗೆ ಎರಡೇ ಸಾಲು. ಒಂದು ಉಳವಿ ದಾರಿಯಲ್ಲಿ ಒಳಗಿರುವ ಹಾಡಿ. ಇನ್ನೊಂದು ರಾಮನಗರದ ಕಡೆಯ ಹಾಡಿ. ಯಾವುದಕ್ಕೆ ಯಾವ ದಿನ ಎಂದು ಬರೆದಿರಬೇಕಾದ ಜಾಗದಲ್ಲಿ ಚೌಕಗಳು, ಪ್ರಶ್ನೆಚಿಹ್ನೆಗಳು, ಅರ್ಥವಿಲ್ಲದ ಗೀಟುಗಳು. ಆ ಪ್ರತಿಗೂ ಗಾಯ ತಾಗಿತ್ತು. ಒಂದು ಹಾಡಿ ಜೋಯಿಡಾದಿಂದ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಮಧ್ಯೆ ತಾಸುಗಟ್ಟಲೆ ದಾರಿ.

'ಕಂಪ್ಯೂಟರ್ ಏನು ಹೇಳ್ತದೆ ಮಾಮ?' ಪಾಂಡುರಂಗ ಆಗಲೇ ಫೋನು ಕೈಗೆತ್ತಿಕೊಂಡಿದ್ದ. ಜೀಪು ಜೋಯಿಡಾದಲ್ಲಿ ಇವನ ಮಾತಿಗೆ ಕಾಯುತ್ತ ನಿಂತಿತ್ತು.

ಹಿಂದಿನ ಸಾಲುಗಳನ್ನು ನೋಡಿದೆ. ಕಳೆದ ನಾಲ್ಕು ಭೇಟಿಗಳೂ ಉಳವಿ ಕಡೆಯವು. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆಗೆ ಹೋಗುವುದು ಸಹಜ. ಮೇಲಿನ ಸಾಲೂ ಉಳವಿಯದೇ. 'ಉಳವಿ ಕಡೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ನಾನು ಗಿರಾಕಿಗಳಿಗೆ ಅನುಮಾನ ತೋರಿಸಿದವನಲ್ಲ. ರಿಪೇರಿಯವನು ಹಿಂದೆಮುಂದೆ ನೋಡಿದರೆ ಯಾರು ನಂಬುತ್ತಾರೆ? ಆಮೇಲೆ ಇನ್ನೊಂದು ಮಾತೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಗೊತ್ತಿಲ್ಲ ಎಂದರೆ, ಯಾಕೆ ಗೊತ್ತಿಲ್ಲ ಎಂದು ಕೇಳುತ್ತಾರೆ. ಆ ಚೌಕಗಳು ಅಲ್ಲಿ ಯಾಕೆ ಬಂದವು ಎಂದು ಕೇಳುತ್ತಾರೆ. ನೀಲವ್ವ ಅಲ್ಲೇ ಕೂತಿದ್ದರು, ರೊಟ್ಟಿಯ ಗಂಟು ಹಿಡಿದು.

'ಹೇಳಿ ಮಾಮ, ಹೊತ್ತು ಹೋಗ್ತಾ ಉಂಟು.'

'ನನಗ ಗೊತ್ತಿಲ್ಲೋ ಪಾಂಡುರಂಗ' ಎಂದೆ. 'ಉಳವಿ ಕಡೆ ಅಂತ ಅನಸ್ತೈತಿ. ಖರೇ ಅದು ನನ್ನ ಅಂದಾಜು, ಯಂತ್ರ ಹೇಳಿದ್ದಲ್ಲ. ದಿನ ಬರದಿದ್ದು ಹರಿದು ಹೋಗೈತಿ. ರಾಮನಗರ ಕಡೆನೂ ಆಗಿರಬಹುದು.'

'ಹರಿದದ್ದು ಹೇಗೆ?'

ಹೇಳಿದೆ. ಅಯ್ಯೋ ಶಿವನೇ, ಆ ನಾಲ್ಕು ಮಾತು ಹೇಳುವಾಗ ನನ್ನ ದನಿ ನನಗೇ ಯಾರದೋ ಅನ್ನಿಸಿತು. 'ನಿಮ್ಮ ಮಗಳ ಯಂತ್ರ ತಾನಾ ತಪಾಸಣಿ ಮಾಡಿಕೋತಿತ್ರಿ, ಡಿಸ್ಕು ಕೆಟ್ಟೈತಿ ಅಂತ ಯಾವತ್ತೋ ಹೇಳ್ತಿತ್ತು. ಲಗೂ ಚಾಲೂ ಆಗ್ಲಿ ಅಂತ ಅದನ್ನ ನಾನ ಬಂದ್ ಮಾಡಿದ್ದೆ. ಅಕಿಗೆ ಹೇಳಿದ್ದಿಲ್ಲ. ತಪ್ಪು ನಂದ್ರಿ.'

ನೀಲವ್ವ ಎದ್ದು, ತಮ್ಮ ಕುರ್ಚಿಯನ್ನು ನನ್ನ ಮೇಜಿನಿಂದ ದೂರ, ಬಾಗಿಲ ಬಳಿಗೆ ಎಳೆದುಕೊಂಡು ರಸ್ತೆಗೆ ಮುಖ ಮಾಡಿ ಕೂತರು.

ಪಾಂಡುರಂಗ ಫೋನಿನಲ್ಲಿ ಕೊಂಕಣಿಯಲ್ಲಿ ಜೋರಾಗಿ ಮಾತಾಡಿದ. ಜೀಪು ಮತ್ತು ಐದು ಜನ ಉಳವಿ ಕಡೆಗೆ. ತಾನೂ ಇನ್ನಿಬ್ಬರೂ ಬೈಕಿನಲ್ಲಿ ರಾಮನಗರದ ಕಡೆಗೆ. 'ಎರಡೂ ಕಡೆ ನೋಡುವ. ಕಮ್ಮಿ ಜನ ಆಗ್ತದೆ, ಏನು ಮಾಡುದು' ಎಂದು ಹೊರಟೇಹೋದ.

ಅವನು ಹೋದದ್ದು ಹನ್ನೆರಡಕ್ಕೆ. ಅಲ್ಲಿಂದ ಸಂಜೆಯವರೆಗಿನ ಹೊತ್ತನ್ನು ಹೇಗೆ ಬರೆಯಲಿ? ನೀಲವ್ವ ನೀರು ಸಹ ಕುಡಿಯಲಿಲ್ಲ. ಕೊಡಲು ಹೋದರೆ ನನ್ನ ಕೈಯ ಲೋಟವನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ನಾನು ಆ ಹರಿದ ಕಡತವನ್ನು ಇನ್ನೊಂದು ಸಲ ಓದಿಸಲು ನೋಡಿದೆ. ಎರಡು ಗಂಟೆಗೆ ಡಿಸ್ಕು ಒಂದು ದೊಡ್ಡ ಸದ್ದು ಮಾಡಿ ತಿರುಗುವುದನ್ನೇ ನಿಲ್ಲಿಸಿತು. ಇನ್ನು ಕೇಳಲು ಏನೂ ಉಳಿದಿರಲಿಲ್ಲ.

ಕಣ್ಣು ಮುಚ್ಚಿದರೆ ಹಳ್ಳ ಕಾಣುತ್ತಿತ್ತು. ಎರಡೂ ಕಡೆ ಇಲ್ಲದಿದ್ದರೆ? ಆ ಎರಡು ಸಾಲೂ ಹಳೆಯವಾಗಿದ್ದು, ಅವಳು ಹೋದದ್ದು ಮೂರನೆಯ ಕಡೆಗಾದರೆ? ಉಳವಿ ಕಡೆಯೇ ಇದ್ದು, ನನ್ನ ಅನುಮಾನದ ಮಾತಿನಿಂದ ಮೂರು ಜನ ಕಮ್ಮಿಯಾಗಿ ಅವಳು ಸಿಗದೇ ಹೋದರೆ? ಹೇಳಿದ್ದೂ ತಪ್ಪಾಯಿತೇನೋ ಅನ್ನಿಸಿತು. ಮೂರೂವರೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಗುಡುಗಿನ ಮೊದಲ ಸದ್ದಿಗೆ ನೀಲವ್ವ, 'ಎವ್ವಾ!' ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೆಳಗಿನಿಂದ ಆ ಹೆಣ್ಣುಮಗಳು ಅತ್ತದ್ದು ಆಗ ಮಾತ್ರ.

ಉಳವಿ ಕಡೆಯಿಂದ ನಾಲ್ಕಕ್ಕೆ ಸುದ್ದಿ ಬಂತು. ಅಲ್ಲಿ ಯಾರೂ ಅವಳನ್ನು ನೋಡಿಲ್ಲ, ಈ ವಾರ ಬಂದೇ ಇಲ್ಲ. ನಾನು ಫೋನು ಕೆಳಗಿಟ್ಟು ನೀಲವ್ವನಿಗೆ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ರೇಂಜ್ ಸಿಗುವ ರಸ್ತೆಗೆ ಬಂದು ಪಾಂಡುರಂಗ ಕರೆ ಮಾಡಿದಾಗ ಮಳೆಯ ಹನಿ ತಗಡಿನ ಮೇಲೆ ಬೀಳತೊಡಗಿತ್ತು. ಗದ್ದಲದಲ್ಲಿ ಅರ್ಧ ಮಾತು ಕೇಳಿಸಲಿಲ್ಲ. 'ಸಿಕ್ಕಿದ್ಳು ಮಾಮ! ಜೀವ ಉಂಟು! ಕಾಲು ಮುರಿದದೆ.' ರಾಮನಗರದ ಕಡೆಯ ಹಾಡಿಯಿಂದ ಮರಳುವಾಗ ಹಳ್ಳದ ಬಂಡೆಯ ಮೇಲೆ ಜಾರಿ ಬಿದ್ದಿದ್ದಳು. ತೆವಳಿಕೊಂಡು ದಂಡೆಯ ಒಂದು ಹಾಸುಗಲ್ಲಿನ ಕೆಳಗೆ ಸೇರಿದ್ದಳು, ನೀರಿನಿಂದ ಎರಡು ಮೊಳ ಮೇಲೆ. ಅವಳನ್ನು ಹೊತ್ತು ಈಚೆ ದಂಡೆಗೆ ತಂದ ಸ್ವಲ್ಪ ಹೊತ್ತಿಗೆ ಆ ಕಲ್ಲು ನೀರಲ್ಲಿ ಮುಳುಗಿತಂತೆ.

ನಾನು ನೀಲವ್ವನ ಕೈಗೆ ಫೋನು ಕೊಟ್ಟು ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ. ಉಳವಿ ಎಂದು ಹೇಳಿಬಿಟ್ಟಿದ್ದರೆ ಎಂಟೂ ಜನ ಉಳವಿಗೆ ಹೋಗಿರುತ್ತಿದ್ದರು. ಅಲ್ಲೇ ನೆಲದ ಮೇಲೆ ಕೂತೆ.

ಮೂರು ದಿನ ಬಿಟ್ಟು ದಾಂಡೇಲಿಯ ದವಾಖಾನೆಗೆ ಹೋದೆ. ಹೋಗುವ ಮನಸ್ಸಿರಲಿಲ್ಲ, ಆದರೆ ಕಲ್ಲಯ್ಯ ಮಾಸ್ತರರ ಓಣಿಯ ಹಾಗೆ ಈ ದವಾಖಾನೆಯನ್ನೂ ತಪ್ಪಿಸಿಕೊಂಡು ತಿರುಗುವುದು ನನ್ನಿಂದಾಗಲಿಲ್ಲ. ಸವಿತಾ ನಿದ್ದೆಯಲ್ಲಿದ್ದಳು, ಕಾಲಿಗೆ ಪ್ಲಾಸ್ಟರು. ಪಕ್ಕದಲ್ಲಿ ನೀಲವ್ವ.

'ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ...' ಎಂದು ಶುರು ಮಾಡಿದೆ.

ಅವರು ಕೈಯೆತ್ತಿ ತಡೆದರು. 'ನಮ್ಮೂರಾಗ ಔಷಧದ ಅಂಗಡಿ ಐತ್ರಿ, ಬಸ್‌ಸ್ಟ್ಯಾಂಡ್ ಮುಂದ. ಅಲ್ಲಿ ಕಂಪ್ಯೂಟರಿಗೂ ನೀವ ಬರ್ತಿದ್ರಿ. ನಾ ನೋಡೇನಿ.'

'ಹೌದ್ರಿ.'

'ಅದಕ್ಕೂ ಹಿಂಗ ಮಾಡೀರೇನ್ರಿ?'

ಹೌದೆಂದು ತಲೆಯಾಡಿಸಿದೆ.

'ಯಾರಿಗೆ ಯಾವ ಗುಳಗಿ ಆಗೂದಿಲ್ಲ, ಎಲ್ಲಾ ಅದರಾಗ ಬರಕೊಂಡಾರ ಅವ್ರು. ಇಲ್ಲಿ ನನ್ನ ಮುಂದ ಯಾಕ ಕುಂತೀರಿ? ಏಳ್ರಿ. ಮದ್ಲ ಅಲ್ಲಿ ಹೋಗ್ರಿ.'

ಎದ್ದೆ. ಅಲ್ಲಿಂದಲೇ ಹಳಿಯಾಳದ ಬಸ್ಸು ಹತ್ತಿ, ಮುಂಡಗೋಡಕ್ಕೆ ಹೋಗಿ, ಇಂದೂರಕ್ಕೆ ಮುಟ್ಟಿದಾಗ ಮಧ್ಯಾಹ್ನ ಮೂರು. ಔಷಧದ ಅಂಗಡಿಯವನು, 'ಯಂತ್ರ ಛಲೋ ನಡದೈತಲ್ರಿ, ಕರೀಲಾರದ ಯಾಕ ಬಂದ್ರಿ?' ಎಂದ. ಅವನ ಕಡತಗಳನ್ನೆಲ್ಲ ನಕಲು ತೆಗೆದಿಟ್ಟೆ. ಆಮೇಲೆ ತಪಾಸಣೆಯನ್ನು ಮತ್ತೆ ಹಚ್ಚಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಏರತೊಡಗಿದವು. ಏಳನೆಯ ನಿಮಿಷಕ್ಕೆ ಮೊದಲ ಗಾಯ ಸಿಕ್ಕಿತು. ಆಮೇಲೆ ಇನ್ನೊಂದು, ಮತ್ತೊಂದು. ಅಂಗಡಿಯವನು ಗಾಬರಿಯಾಗಿ, 'ಇದೇನ್ರಿ ಇಷ್ಟೊಂದು?' ಎಂದ. ಎಲ್ಲ ಹೇಳಿದೆ. ಆತ ಬೈದ, ಬೈಸಿಕೊಂಡೆ.

ಅಂದಿನಿಂದ ಹೊಸ ಕೆಲಸ ಹಿಡಿಯಲಿಲ್ಲ. ಅಂಗಡಿಯ ಹಳೆಯ ರಸೀದಿಗಳನ್ನು ಹರವಿಕೊಂಡು ನಾಲ್ಕು ತಾಲೂಕು ತಿರುಗಿದೆ. ಹಳಿಯಾಳದಲ್ಲಿ ಕೆಲವರು ನಕ್ಕರು. ಜೋಯಿಡಾದ ಒಂದು ಕಡೆ ನನ್ನನ್ನು ಒಳಗೇ ಬಿಡಲಿಲ್ಲ. ಪಾಟೀಲ ಅಕ್ಕ ನಿವೃತ್ತರಾಗಿದ್ದರು, ಅವರ ಯಂತ್ರ ಎಲ್ಲಿಗೆ ಹೋಯಿತೋ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಸೀದಿ ಇಲ್ಲದೆ ಮಾಡಿದ ಕೆಲಸಗಳು ಎಷ್ಟೋ ಇದ್ದವು, ಅವು ಯಾರ ಮನೆಯಲ್ಲಿವೆಯೋ, ಕೈಯಿಂದ ಕೈಗೆ ದಾಟಿ ಯಾವ ಮೇಜಿನ ಮೇಲೆ ಕೂತಿವೆಯೋ. ಈಗ ನಿವೃತ್ತನಾಗಿದ್ದೇನೆ, ಕಣ್ಣೂ ಮಂದವಾಗಿದೆ. ಆದರೂ ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವ ಮೊದಲು, ಅಂಥದೇ ಇನ್ನೊಂದು ಯಂತ್ರದ ಸುದ್ದಿಯೇನೋ ಎಂದುಕೊಳ್ಳುತ್ತೇನೆ.

ಅದಕ್ಕಾಗಿಯೇ ಇದನ್ನು ಬರೆದೆ, ನೀವು ಓದಿ ಮೆಚ್ಚಲಿ ಎಂದಲ್ಲ. ಈ ಕಡೆ ಎಲ್ಲಾದರೂ ನಿಮಗೆ ಒಂದು ಹಳೆಯ ಯಂತ್ರ ಸಿಕ್ಕಬಹುದು. ಕರೆಂಟು ಹೋಗಿ ಬಂದ ಮೇಲೆ ಏನನ್ನೂ ನೋಡಿಕೊಳ್ಳದೆ, ಕೇಳದೆ, ಥಟ್ಟನೆ ಎದ್ದು ಕೂತರೆ ಅದನ್ನು ಹೊಗಳಬೇಡಿ. ಒಳಗಿರುವುದನ್ನು ನಕಲು ತೆಗೆಯಿರಿ, ತಪಾಸಣೆಯನ್ನು ಮತ್ತೆ ಹಚ್ಚಿ, ಮುಗಿಯುವವರೆಗೂ ಪಕ್ಕದಲ್ಲಿ ಕೂತಿರಿ. ಇದನ್ನು ನಿಲ್ಲಿಸಿದ್ದು ಯಾರು ಎಂದು ಯಂತ್ರದವರು ಕೇಳಿದರೆ ನನ್ನ ಹೆಸರು ಹೇಳಿ. ದಾಂಡೇಲಿಯ ಕಂಪ್ಯೂಟರ್ ಶಂಕ್ರಪ್ಪ ಎಂದರೆ ಸಾಕು.